ಕಿತ್ತಳೆ ದೀಪ

ಬ್ರಯೀಲಾದಲ್ಲಿ, ಡಾನ್ಯೂಬಿನ ಗಾಳಿಗೆ ಎದೆಕೊಟ್ಟ ನಮ್ಮ ಬ್ಲಾಕಿನಲ್ಲಿ
ಎರಡನೇ ಮಹಡಿಯಿಂದ ನಾಲ್ಕನೆಯದಕ್ಕೆ
ಬೂದು ಕೇಬಲ್ಲೊಂದು ಕಿಟಕಿಯಿಂದ ಕಿಟಕಿಗೆ ಹತ್ತಿತ್ತು,
ಮೂರನೆಯವರು ಒಣಹಾಕಿದ ಬಟ್ಟೆಗಳ ನಡುವೆ ನುಸುಳಿ.
ಕೆಳಗೆ ನಾವು. ಮೇಲೆ ವಿಯೋರಿಕಾ ಚಿಕ್ಕಮ್ಮ,
ಅಮ್ಮನಿಗಿಂತ ಹನ್ನೊಂದು ನಿಮಿಷ ಚಿಕ್ಕವಳು.

ನಮ್ಮ ಚಪ್ಪಲಿ ಗೂಡಿನ ಮೇಲೆ ಹಬ್.
ಹಡಗುಕಟ್ಟೆಯ ಎಲೆಕ್ಟ್ರಿಷಿಯನ್ ಪೆತ್ರಾಕೆ ತಂದದ್ದು,
ಎಲ್ಲಿಂದ ಎಂದು ಯಾರೂ ಕೇಳಲಿಲ್ಲ.
ಎಂಟು ತೂತು, ಎಂಟು ಹಸಿರು ದೀಪ,
ತುದಿಯಲ್ಲೊಂದು ಕಿತ್ತಳೆ.
"ಇದಕ್ಕೆ ಬುದ್ಧಿ ಇಲ್ಲ," ಅಂದ, ಬೂಟು ಬಿಚ್ಚದೆ.
"ಒಂದು ಕಿವಿಯಲ್ಲಿ ಕೇಳಿದ್ದನ್ನು
ಉಳಿದ ಏಳು ಬಾಯಲ್ಲೂ ಕೂಗುತ್ತೆ.
ತನ್ನದಲ್ಲದ್ದನ್ನು ಕೇಳಿಯೂ ಕೇಳದಂತಿರುವುದು
ಕಂಪ್ಯೂಟರುಗಳ ಮರ್ಯಾದೆ."
ಅಜ್ಜಿ ತುದೋರಾ ತಲೆಯಾಡಿಸಿದಳು:
ಈ ಗೋಡೆಗಳನ್ನೂ ಹಾಗೇ ಕಟ್ಟಿದಾರೆ.

ರಾತ್ರಿ ಹತ್ತಕ್ಕೆ ಚೆಝಾರ್ ಮೇಲಿಂದ
ಆಟದೊಳಗೆ ಬಂದೂಕು ಹಿಡಿದು ಓಡುತ್ತಿದ್ದ,
ನಾನು ಅದೇ ಹೊತ್ತಿಗೆ ಅವನ ಡಿಸ್ಕಿನಿಂದ
ಒಂದಿಡೀ ಸಿನಿಮಾ ಕೆಳಗೆಳೆಯುತ್ತಿದ್ದೆ.
ಕಿತ್ತಳೆ ದೀಪಕ್ಕೆ ರೆಪ್ಪೆ ಮುಚ್ಚಲು ಪುರಸೊತ್ತಿಲ್ಲ.
ಸತ್ತಾಗಲೆಲ್ಲ ಅವನು ಹೀಟರಿನ ಪೈಪಿಗೆ
ಚಮಚದಿಂದ ಬಡಿಯುತ್ತಿದ್ದ.

ಡಿಕ್ಕಿ ಏನೆಂದು ಪೆತ್ರಾಕೆಯಿಂದ ಕಲಿತೆ.
ತಂತಿ ಖಾಲಿಯೇ ಎಂದು ಇಬ್ಬರೂ ಕಿವಿಗೊಡುತ್ತಾರೆ.
ಖಾಲಿ. ಇಬ್ಬರೂ ಬಾಯಿ ತೆರೆಯುತ್ತಾರೆ.
ಮಾತಿಗೆ ಮಾತು ತಾಗಿ ಎರಡೂ ಪುಡಿ.
ಆಗ ಇಬ್ಬರೂ ಸುಮ್ಮನಾಗಿ
ಒಳಗೊಳಗೇ ದಾಳ ಉರುಳಿಸುತ್ತಾರೆ:
ನಾನಿಷ್ಟು ಕಾಯುತ್ತೇನೆ. ಅವನೆಷ್ಟೋ.
ಮತ್ತೆ ತಾಗಿದರೆ ದಾಳದ ಮುಖಗಳು ಇಮ್ಮಡಿ.
ಹದಿನಾರು ಸಲ. ಆಮೇಲೆ ಕೈಚೆಲ್ಲುವುದು.

ಅಮ್ಮನಿಗೂ ಚಿಕ್ಕಮ್ಮನಿಗೂ ದಾಳ ಇರಲಿಲ್ಲ.

ಅಜ್ಜನ ದೋಣಿ ಮಾರಿದ್ದು ಯಾರು ಎಂಬಲ್ಲಿ ಶುರುವಾಗಿ
ಮೂರು ವರ್ಷ. ಮೆಟ್ಟಿಲಲ್ಲಿ ಎದುರಾದರೆ
"ಅಲ್ಲ ಕಣೇ" ಒಟ್ಟಿಗೆ,
ಒಟ್ಟಿಗೇ ನಿಲ್ಲಿಸಿ
ಅದೇ ಒಂದು ಉಸಿರು ಕಾಯುವುದು,
ಒಂದೇ ಹೊಟ್ಟೆಯಲ್ಲಿ ಅಭ್ಯಾಸವಾದ ಉಸಿರು,
ಮತ್ತೆ "ಅಲ್ಲ ಕಣೇ."
ಸೌಜನ್ಯಕ್ಕೇನೂ ಕೊರತೆಯಿರಲಿಲ್ಲ,
ಇಬ್ಬರದೂ ಒಂದೇ ಅಳತೆ, ಅಷ್ಟೇ.
ಬಾಗಿಲು ಬಡಿದ ಸದ್ದುಗಳು ಮಾತ್ರ ಬೇರೆ ಬೇರೆ:
ಚಿಕ್ಕಮ್ಮ ಇನ್ನೂ ಎರಡು ಮಹಡಿ ಹತ್ತಬೇಕಲ್ಲ.

ಈಸ್ಟರಿಗೆ ಮುಂಚೆ ಸ್ವಿಚ್ ಬಂತು.
ಅದೇ ಡಬ್ಬಿ, ಅದೇ ತೂತು. ಕಿತ್ತಳೆ ಇಲ್ಲ.
"ಇದು ವಿಳಾಸ ಓದುತ್ತೆ," ಅಂದ ಪೆತ್ರಾಕೆ,
"ಯಾರದೋ ಅವರ ಬಾಗಿಲಿಗೇ ಕೊಡುತ್ತೆ.
ಬಾಗಿಲಲ್ಲಿ ನೂಕುನುಗ್ಗಲಿದ್ದರೆ ಮಡಿಲಲ್ಲಿಟ್ಟು ಕಾಯುತ್ತೆ.
ಗುರುತಿಲ್ಲದ ಹೆಸರಾದರೆ ಮಾತ್ರ
ಮನೆಮನೆಗೂ ಒಂದು ಸಲ ಕೂಗು."

ಮಾರನೇ ದಿನ ಶಾಲೆಯಿಂದ ಬಂದವಳು
ಕೋಟೂ ತೆಗೆಯದೆ ಅಮ್ಮನ ಮುಂದೆ ಕೂತೆ.
ಹೇಳು, ನಾನು ಒಯ್ಯುತ್ತೇನೆ.
ಅಮ್ಮ ಈರುಳ್ಳಿ ಹೆಚ್ಚಿ ಮುಗಿಸಿದಳು.
"ಅವಳ ಹೊಲಿಗೆ ಕತ್ತರಿ ನನ್ನ ಹತ್ತಿರ ಇದೆ ಅಂತ ಹೇಳು."
ಮೂವತ್ತಾರು ಮೆಟ್ಟಿಲು.
"ಗೊತ್ತು," ಅಂದಳು ಚಿಕ್ಕಮ್ಮ.
"ಗೊತ್ತು" ಹೊತ್ತು ಮೂವತ್ತಾರು ಇಳಿದೆ.
"ಗೊತ್ತಿದ್ದೂ ಕೇಳಲಿಲ್ಲವಂತಾ?" ಹತ್ತಿದೆ.
"ಮೊಂಡಾಗಿದೆಯಾ ಕೇಳು." ಇಳಿದೆ.
ನಡುವೆ ಒಂದನ್ನು ಮೂರನೇ ಮಹಡಿಯಲ್ಲಿ ಮರೆತೆ,
ಅಲ್ಲಿ ಯಾರೋ ಮೀನು ಹುರಿಯುತ್ತಿದ್ದರು.
ತುಂಬಿ ಹೋದರೆ ಸ್ವಿಚ್ಚೂ ಬೀಳಿಸುತ್ತಂತೆ,
ಪೆತ್ರಾಕೆ ಆಮೇಲೆ ಹೇಳಿದ.

ದೋಣಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.
ನನ್ನ ಮೊಣಕಾಲು ಬಾತು ಅಜ್ಜಿ ಎಣ್ಣೆ ಹಚ್ಚುವಾಗ
ಪೈಪು ಟಣ್ ಎಂದಿತು. ಒಂದೇ ಸಲ.
ಚೆಝಾರ್ ಅಲ್ಲ, ಅವನು ಗಲಾಟ್ಸಿಗೆ ಹೋಗಿದ್ದ.
ಅಮ್ಮ ಚಮಚ ಕೈಗೆತ್ತಿಕೊಂಡಳು.
ಬಡಿಯಲಿಲ್ಲ. ಒಂದು ಉಸಿರು ಹೋಯಿತು.
ಇನ್ನೊಂದೂ ಹೋಯಿತು.
ಕೈ ಎತ್ತಿಯೇ ಇತ್ತು.