ಒಂದು ಗಾಡಿ ಜಲ್ಲಿ

ಅಡುಗೆಯ ಹೆಲ್ವೆ ಜಾರಿ ಬಿದ್ದು, ಸೊಂಟ ಮುರಿದುಕೊಂಡು
ಕುರೆಸಾರೆಯ ಆಸ್ಪತ್ರೆ ಸೇರಿ ಒಂಬತ್ತು ದಿನ.
ಗಂಜಿಯ ರುಚಿ ಕೆಟ್ಟಿದೆ ಎಂದು
ಮೊದಲು ದೂರಿದವರು ಎರಡು ವರ್ಷದವರು,
ಮಾತಿನಲ್ಲಲ್ಲ, ಚಮಚ ಬಿಸಾಡಿ.

ಮಾರೆ ಟೀಚರ್ ಹೇಳಿದಳು: ಕಾರ್ಡು ಮಾಡೋಣ.
ಅಂಗಡಿಯ ಹೊಳೆಯುವ ಕಾಗದ ಬೇಡ,
ಹಿತ್ತಲಲ್ಲಿ ಬಿದ್ದದ್ದೇ ಸಾಕು.

ಏಳು ಮಕ್ಕಳು, ಹದಿನಾಲ್ಕು ರಬ್ಬರ್ ಬೂಟು,
ಅದರಲ್ಲಿ ನಾಲ್ಕು ತಿರುಗುಮುರುಗು;
ಅಕ್ಟೋಬರಿನ ಗಾಳಿಗೆ ಮೂಗು ಸೋರಿಸುತ್ತ
ಸಾಲಾಗಿ ಹೊರಟು, ಮೂರನೆಯ ಹೆಜ್ಜೆಗೆ ಸಾಲು ಮರೆತು
ಆರಿಸಿ ತಂದರು:
ರೋವನ್ ಮರದ ಕೆಂಪು ಗೊಂಚಲು,
ಈರುಳ್ಳಿ ಸಿಪ್ಪೆಯಷ್ಟು ತೆಳು ಬರ್ಚ್ ತೊಗಟೆ,
ಬೇಲಿಗಲ್ಲಿನ ಕಲ್ಲುಹೂವು, ಕಡಲಕ್ಕಿಯ ಒಂದು ಗರಿ,
ಓಕ್ ಕಾಯಿಯ ಟೋಪಿ (ಕಾಯಿ ಇಲ್ಲ, ಟೋಪಿ ಮಾತ್ರ),
ಸತ್ತಿದೆ ಎಂದುಕೊಂಡ ಬಸವನಹುಳು.

ಅಂಟಿಗೆ ರೈ ಹಿಟ್ಟು ಕುದಿಸಿದ್ದು ನಾನು.
ಈ ಶಿಶುಮನೆಯ ಬೀಗ, ಒಲೆ, ಹಿಮ ಗೋರುವುದು,
ರಿಪೇರಿಯೆಲ್ಲ ನನ್ನದೇ; ಅಂಟೂ ನನ್ನದಾಯಿತು.
ಅರ್ಧ ಕಾಗದಕ್ಕೆ ಹೋಯಿತು, ಅರ್ಧ ಹೊಟ್ಟೆಗೆ.
ಮಿರ್ತೆಲ್ ಬೆರಳು ನೆಕ್ಕಿ ಕೂಗಿದಳು: ಗಂಜಿ!

ಎರಡು ವರ್ಷದವರಿಗೆ ಅಂಟಿಸುವುದೆಂದರೆ
ಒತ್ತುವುದು, ಕೀಳುವುದು,
ಇನ್ನೂ ಇದೆಯೇ ಎಂದು ನೋಡಿ ಮತ್ತೆ ಒತ್ತುವುದು.
ಯೋಸೆಪ್ ಒಂದೇ ಎಲೆಯನ್ನು ಹನ್ನೊಂದು ಸಲ ಅಂಟಿಸಿದ;
ಕೊನೆಗೆ ಉಳಿದದ್ದು ಎಲೆಯ ತೊಟ್ಟು, ಅವನ ಹೆಬ್ಬೆಟ್ಟು.
ಬಸವನಹುಳು ಬದುಕಿತ್ತು. ಲೇಲೊಳ ಕಾರ್ಡಿನ ಮೇಲೆ
ಬೆಳ್ಳಿಗೆರೆ ಎಳೆದು, ಅಂಚು ದಾಟಿ, ಮೇಜಿನಡಿ ಸೇರಿತು.
ಅಷ್ಟು ನೆಟ್ಟಗೆ ಆ ದಿನ ಬೇರೆ ಯಾರೂ ಗೆರೆ ಎಳೆಯಲಿಲ್ಲ.

ಊಕು ಮಾತ್ರ ಬರಿಯ ಕಾಗದ ಹಿಡಿದು ಬಾಗಿಲಿಗೆ ನಡೆದ.
ಅವನಿಗೆ ಎಲೆ ಬೇಡ, ಗರಿ ಬೇಡ,
'ಒಂಪ್' ಬೇಕು.
ನಿಂತ ಮಳೆನೀರಿಗೆ ನಮ್ಮ ದ್ವೀಪದಲ್ಲಿ ಲೊಂಪ್ ಅನ್ನುತ್ತೇವೆ;
ಊಕುವಿನ ಬಾಯಲ್ಲಿ ಲಕಾರ ಇನ್ನೂ ಹುಟ್ಟಿಲ್ಲ.
ಅಡುಗೆಮನೆಯ ಹಿಂದೆ, ಮೆಟ್ಟಿಲ ಬುಡದಲ್ಲಿ
ಹರಿವಾಣದಗಲದ ಆ ಗುಂಡಿ.
ಮೊಣಕಾಲೂರಿ, ಕಾಗದ ಮಲಗಿಸಿ,
ಎರಡೂ ಕೈಯಿಂದ ಅದುಮಿ ಹಿಡಿದ.
ಎತ್ತಿದರೆ ತೊಟ್ಟಿಕ್ಕಿತು.
ತೊಟ್ಟಿಕ್ಕಿದ್ದನ್ನು ಅಂಗೈಯಲ್ಲಿ ಹಿಡಿದು
ಮತ್ತೆ ಅದರ ಮೇಲೇ ಸುರಿದ.

ಒಲೆಯ ಮೇಲಿನ ದಾರಕ್ಕೆ ಸಿಕ್ಕಿಸಿದೆವು.
ಬೆಳಗಾಗುವಷ್ಟರಲ್ಲಿ ನೀರು ಹೋಗಿ
ಕಂದು ಉಂಗುರ, ಚೂರು ಮರಳು,
ಎಲ್ಲಿಂದಲೋ ತೇಲಿಬಂದ ಒಂದು ಬರ್ಚ್ ಬೀಜ.
'ಇದನ್ನೂ ಕಳಿಸೋದಾ?' ಅಂದಳು ಮಾರೆ.
ನಾನು ಮಾತಾಡಲಿಲ್ಲ. ಲಕೋಟೆಗೆ ತುರುಕಿದೆ.

ಎಂಟು ದಿನಕ್ಕೆ ಉತ್ತರ ಬಂತು,
ಆಸ್ಪತ್ರೆಯ ಊಟದ ಪಟ್ಟಿಯ ಬೆನ್ನಿಗೆ ಹೆಲ್ವೆಯ ದಪ್ಪಕ್ಷರ:
ಹಣ್ಣು ಉದುರಿದವು. ಗರಿಯನ್ನು ನರ್ಸಮ್ಮ ಕೇಳಿ ತಗೊಂಡಳು.
ಕಲ್ಲುಹೂವು ದಿಂಬಿನ ತುಂಬ ಪುಡಿ.
ಏನೂ ಅಂಟಿಸದೆ ಒಂದು ಬಂದಿದೆಯಲ್ಲ, ಅದು ಕಿಟಕಿಯಲ್ಲಿದೆ.
ಯಾರದೋ ಗೊತ್ತಿಲ್ಲ, ಯಾವುದೆಂದು ಗೊತ್ತು.
ನನ್ನ ಸೊಂಟ ಮುರಿದ ಗುಂಡಿಯ ಗುರುತು ನನಗೆ ಹತ್ತದೆ?
ನಕ್ಕು ನಕ್ಕು ಹೊಲಿಗೆ ನೋಯುತ್ತಿದೆ.

ಏಪ್ರಿಲಿನಲ್ಲೇ ನನಗೆ ಹೇಳಿದ್ದಳು,
ಒಂದು ಗಾಡಿ ಜಲ್ಲಿ ಸಾಕು ಅಂತ.
ಜೂನಿನಲ್ಲಿ ಇನ್ನೊಮ್ಮೆ.
ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.
ಇಲ್ಲದ ಆ ಸಾಲನ್ನು ಎಷ್ಟು ಸಲ ಓದಿದೆನೊ.

ಶನಿವಾರ ಯಾರೂ ಇಲ್ಲದಾಗ ಜಲ್ಲಿ ತಂದು ಸುರಿದೆ,
ಸಲಿಕೆಯ ಬೆನ್ನಿನಿಂದ ಬಡಿದೆ,
ಬೇಕಾದ್ದಕ್ಕಿಂತ ಹೆಚ್ಚೇ ಬಡಿದೆ.

ಸೋಮವಾರ ಊಕು ನೆಟ್ಟಗೆ ಅಲ್ಲಿಗೇ ಓಡಿದ.
ಕಾಲಿಂದ ಕುಟ್ಟಿದ. ಛಪ್ ಅನ್ನಲಿಲ್ಲ.
ಬಗ್ಗಿ ಒಂದು ಕಲ್ಲೆತ್ತಿ ಅದರಡಿ ನೋಡಿದ,
ಇನ್ನೊಂದೆತ್ತಿ ಅದರಡಿ.
ಆಮೇಲೆ ನನ್ನ ಮುಖ.
'ಒಂಪ್?'

ಅಂಚೆಯಲ್ಲಿ ಹೋಯ್ತು ಮರಿ, ಅಂದೆ.
ಹೆಲ್ವೆ ಹತ್ತಿರ ಇದೆ.
ಸರಿಯಪ್ಪ ಎಂಬಂತೆ ತಲೆಯಾಡಿಸಿ,
ಕೈಯಲ್ಲಿದ್ದ ಕಲ್ಲನ್ನು ನನ್ನ ಕೈಗಿಟ್ಟು,
ಇನ್ನೊಂದನ್ನು ಹುಡುಕಲು
ಬೇಲಿಯ ಕಡೆ ನಡೆದ.