ಠರಾವು ನಂಬರ್ ನಾಲ್ಕು

ಅಕ್ಷರ ಬರೆಯುವುದು ನನ್ನ ಕೆಲಸ, ಓದುವುದು ಬೇರೆಯವರದು.
ಕುಡಚಡೆಯ ಅರ್ಧ ಬೋರ್ಡು ನನ್ನ ಕೈಯವು:
ಸಲೂನು, ಮೀನಿನ ಖಾನಾವಳಿ, ಹಲ್ಲಿನ ಡಾಕ್ಟರು,
ಚುನಾವಣೆ ಬಂದರೆ ಗೋಡೆಗೋಡೆಗೂ ಚಿಹ್ನೆ,
ಎಲ್ಲ ಪಕ್ಷದ್ದೂ, ಚದರಡಿಗೆ ಇಷ್ಟು ಅಂತ.
ನಾಗರಿಯ ತಲೆಗೆರೆ ಎಳೆವಾಗ ಉಸಿರು ಹಿಡಿಯುತ್ತೇನೆ.
ಒಂದೇ ಎಳೆತ,
ರೋಣದಲ್ಲಿ ಅಪ್ಪ ಗಾದಿಗೆ ಹಾಕುತ್ತಿದ್ದ ಹೊಲಿಗೆಯಷ್ಟು ನೇರ.
ಅರ್ಥ ಗೊತ್ತಿರಬೇಕಂತೇನಿಲ್ಲ.

ಮಗಳನ್ನು ಸರಕಾರಿ ಮರಾಠಿ ಶಾಲೆಗೆ ಹಾಕಿದೆ.
ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೆಂಟು ಘಟ್ಟದ ಮೇಲಿನವು,
ಸಮಿತಿಗೆ ನಮ್ಮವನೊಬ್ಬ ಬೇಕಾಗಿದ್ದ.
ಯಾರೋ ನನ್ನ ಹೆಸರು ಹೇಳಿದರು, ಉಳಿದವರು ಕೈಯೆತ್ತಿದರು,
ನಾನು ಬಣ್ಣದ ಕೈ ಒರೆಸಿಕೊಳ್ಳುವಷ್ಟರಲ್ಲಿ
ಆರಿಸಿ ಬಂದಿದ್ದೆ.

ಮೂರನೇ ಇಯತ್ತೆಯ ಬೆಂಚು. ಮೊಣಕಾಲು ಗದ್ದಕ್ಕೆ.
ಹಳಸಿದ ಪಾವ್‌ಭಾಜಿ, ಸೋರುವ ನಲ್ಲಿ,
ಹುಡುಗಿಯರ ಪಾಯಖಾನೆಗೆ ಚಿಲಕವಿಲ್ಲ.
ಚಿಲಕದ ಮೇಲೆಯೇ ಮುಕ್ಕಾಲು ಗಂಟೆ ಹೋಯಿತು.
ನಗರಸೇವಕ ಉಲ್ಲಾಸ ಸಾವರ್ಡೇಕರರು
ಕೊನೆಗೆ ಬಂದು, ಮೊದಲು ಎದ್ದರು.
ಸುಲಭಾ ಬಾಯಿ ಬರೆದುಕೊಂಡರು, ನಾನು ಅವರ 'ಣ' ನೋಡುತ್ತಿದ್ದೆ,
ಚೆನ್ನಾಗಿತ್ತು, ಹೊಟ್ಟೆ ಸರಿಯಾದ ಜಾಗದಲ್ಲಿ.
"ಸರ್ವಾನುಮತೇ" ಅಂದರು. ಆ ಶಬ್ದ ಗೊತ್ತು.
ಕನ್ನಡದಲ್ಲಿ ಸಹಿ ಹಾಕಿದೆ: ದಾವಲಸಾಬ ನದಾಫ,
ಕೆಳಗೊಂದು ಬಾಲ ಎಳೆದೆ.
ಪಾವಿನ ಅಂಗಡಿಯ ಪಿಯೆದಾದ್ ಬಾಯಿ
"ಎಷ್ಟು ಚಂದದ ಅಕ್ಷರ" ಅಂದಳು.

ರಟ್ಟಿನ ಮೇಲೆ ಶಾಲೆಯ ಹೆಸರು ಬರೆಯಲಿಕ್ಕೆ
ಆ ವಹಿ ಮನೆಗೆ ಬಂತು.
ಜುಲೇಖಾ ಬೋರಲು ಮಲಗಿ, ಪಾಠದ ಹಾಗೆ, ಜೋರಾಗಿ ಓದಿದಳು.
ಒಂದು, ನಲ್ಲಿ. ಎರಡು, ಭಾಜಿ. ಮೂರು, ಚಿಲಕ.
ನಾಲ್ಕು: ಶಾಲೆಯ ಹಿಂದಿನ ಖಾಲಿ ಜಾಗ
ಸಾವರ್ಡೇಕರ ಬಂಧುಗಳ ಟಿಪ್ಪರುಗಳಿಗೆ, ಮೂರು ವರ್ಷ.
ಅನುಮೋದಿಸಿದವರು: ನೀನು.

"ಅಬ್ಬಾ, ಖಾಲಿ ಜಾಗ ಅಂದ್ರೆ ನಾವು ಲಗೋರಿ ಆಡೋದಾ?"
ಹೂಂ.
"ಅದು ಖಾಲಿ ಇಲ್ಲಲ್ಲ."

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಬೆಂಚೂ ನನ್ನ ಜೊತೆ ಎದ್ದಿತು,
ಎಲ್ಲರೂ ನಕ್ಕರು, ನಾನೂ.
ನಾಲ್ಕನೆಯದನ್ನು ಇನ್ನೊಮ್ಮೆ ಓದಿರಿ ಅಂದೆ.
ಸಾವರ್ಡೇಕರರು ಬಹಳ ಪ್ರೀತಿಯಿಂದ ಕೇಳಿದರು:
"ಪೇಂಟರ್, ನಿನ್ನ ರೇಶನ್ ಕಾರ್ಡು ಇನ್ನೂ ಊರಲ್ಲೇ ಇದೆಯಾ?"
ಫ್ಯಾನು ತಿರುಗುತ್ತಿತ್ತು. ಪಿಯೆದಾದ್ ಬಾಯಿ
"ಓದು, ಓದು, ನಂಗೆ ಒಲೆ ಆರುತ್ತೆ" ಅಂದಳು.

ರದ್ದು ಮಾಡಲು ನಾಲ್ಕು ಕೈ, ಬೇಡವೆಂದು ಐದು.
ಐದನೆಯದು ನಮ್ಮ ಬಾಳಪ್ಪನದು,
ಅದೇ ಟಿಪ್ಪರಿನ ಡ್ರೈವರು.
ಹೊರಗೆ ಬಂದಾಗ ನನ್ನ ಬೀಡಿಗೆ ಅವನೇ ಕಡ್ಡಿ ಗೀರಿದ.
ಮಾತಾಡಲಿಲ್ಲ. ಕೆಂಪು ಧೂಳು ಅವನ ರೆಪ್ಪೆಯ ಮೇಲೂ ಇತ್ತು.
ಒಂದು ಮಾತ್ರ ಒಪ್ಪಿದರು, ಖರ್ಚಿಲ್ಲದ್ದು:
ಇನ್ನು ಮೇಲೆ ಸಹಿಗೆ ಮುಂಚೆ ಠರಾವನ್ನು
ನಾಲ್ಕನೇ ಇಯತ್ತೆಯ ಒಂದು ಮಗು ಓದಬೇಕು.

ಎಂಟು ದಿನಕ್ಕೆ ಬೋರ್ಡಿನ ಕೆಲಸ ನನಗೇ ಬಂತು.
'ಖಾಸಗಿ ಪಾರ್ಕಿಂಗ್', ನಾಗರಿಯಲ್ಲೊಂದು, ಇಂಗ್ಲಿಷಿನಲ್ಲೊಂದು.
ಒಲ್ಲೆ ಅನ್ನಬಹುದಿತ್ತು.
ಮಡಗಾವಿನ ಫ್ಲೆಕ್ಸಿನವನು ಸಂಜೆಯೊಳಗೆ ಕೊಡುತ್ತಿದ್ದ,
ನನಗೆ ಬಾಡಿಗೆ ಬಾಕಿ.
ಬರೆದೆ. ಡಬ್ಬಿಯ ತಳದಲ್ಲಿ ಕೆಂಪು ಉಳಿದಿತ್ತು.
ಕೆಳಗೆ, ಹೇಳದ ಒಂದು ಸಾಲು,
ಬಾಳಪ್ಪ ಕತ್ತಲಲ್ಲೂ ಓದಬಲ್ಲ ದಪ್ಪ ಕನ್ನಡದಲ್ಲಿ:
ಮಕ್ಕಳಿದ್ದಾರೆ, ನಿಧಾನ.

ಸಾವರ್ಡೇಕರರು ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು.
"ಇದೇನು?"
ಸರ್ವಾನುಮತ, ಸಾಹೇಬ, ಅಂದೆ.
ಬಿಲ್ಲಿಗೆ ಸಹಿ ಹಾಕಿದರು.

ಚಿಲಕ ಇನ್ನೂ ಬಂದಿಲ್ಲ.
ಒಳಗೆ ಒಬ್ಬಳಿದ್ದರೆ ಹೊರಗೊಬ್ಬಳು ಬಾಗಿಲು ಹಿಡಿದು ನಿಲ್ಲುತ್ತಾಳೆ,
ಟಿಪ್ಪರುಗಳ ಕಡೆ ಬೆನ್ನು ಮಾಡಿ.
ಸೋಮವಾರ ಮತ್ತೆ ಸಭೆ.