ಹಲ್ಲು ಕೀಳಿಸಲು ಹೋದ ದಿನ

ಗಾಳಿ ಬಂದಾಗ ನಾನು ಕುಮಟೆಯಲ್ಲಿ
ಬಾಯಿ ತೆರೆದು ಕೂತಿದ್ದೆ.
ಕೆಳದವಡೆ, ಎಡಕ್ಕೆ, ಕೊನೆಯಿಂದ ಎರಡನೆಯದು.
ನೋವಾದರೆ ಕೈ ಎತ್ತಿ, ಅಂದರು ಡಾಕ್ಟರು.
ಎತ್ತಲಿಲ್ಲ.
ಆಮೇಲೆ ಲೆಕ್ಕ ಹಾಕಿದರೆ, ಅದೇ ಹೊತ್ತಿಗೆ
ಊರಲ್ಲಿ ಎಲ್ಲರೂ ಕೈ ಎತ್ತಿದ್ದರಂತೆ:
ಅಗೋ, ಹೊಳೆ ಎದ್ದು ನಿಂತಿದೆ.

ಮೊದಲು ಕಂಡವಳು ಹೊನ್ನಿ ಆಗೇರ.
ಉಪ್ಪಿನಗದ್ದೆಯ ಬದುವಿನ ಮೇಲೆ ಬುಟ್ಟಿ ಇಳಿಸಿ
ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು.
ಅಘನಾಶಿನಿಯ ನಡುವೆ ನೀರು
ಒನಕೆಯಷ್ಟು ದಪ್ಪ ಎದ್ದಿತು, ಆಮೇಲೆ ತೆಂಗಿನ ಮರದಷ್ಟು,
ಆಮೇಲೆ ಅವಳಿಗೆ ಹೋಲಿಕೆ ಸಿಗಲಿಲ್ಲ.
ದೇವರೇ ಇರಬೇಕು ಅಂದುಕೊಂಡಳಂತೆ.
ಅಷ್ಟರಲ್ಲಿ ಅದು ಗಣಪು ಅಂಬಿಗನ ದೋಣಿಯನ್ನು
ಸೊಂಟಕ್ಕೆ ಸಿಕ್ಕಿಸಿಕೊಂಡು ದಡ ಹತ್ತಿತು.
ದೇವರಿಗೆ ದೋಣಿ ಯಾತಕ್ಕೆ?

ನಾಲ್ಕು ನಿಮಿಷ.
ಎರಡೇ, ಅನ್ನುವವರಿದ್ದಾರೆ. ಪೊಕ್ಕನ ಲೆಕ್ಕದಲ್ಲಿ ಒಂದು ಬೀಡಿ,
ಅದೂ ಅರ್ಧಕ್ಕೆ ಆರಿದ್ದು.
ಅಷ್ಟರೊಳಗೆ, ರಾಶಿ ಮಾಡಿ ಮಡಲು ಹೊದೆಸಿಟ್ಟಿದ್ದ
ಇಡೀ ಬೇಸಿಗೆಯ ಉಪ್ಪು ಆಕಾಶಕ್ಕೆ ಹೋಗಿ
ಕೇರಿಯ ಮೇಲೆ ಇಳಿಯಿತು.
ಬೆಲ್ಲದ ಚಾಕ್ಕೆ, ತೊಟ್ಟಿಲಿಗೆ,
ಕಟ್ಟಿಹಾಕಿದ ಎಮ್ಮೆಯ ಕಣ್ಣಿಗೆ,
ಅಂಗನವಾಡಿ ಮಕ್ಕಳ ಎಣ್ಣೆ ತಲೆಗೆ,
ಬಾವಿಗೆ.

ಶಾಲೆಯ ಹೆಂಚು ಒಂದೊಂದಾಗಿ ಹಾರಲಿಲ್ಲ,
ಇಸ್ಪೀಟು ಕಲೆಸಿದ ಹಾಗೆ ಹೋಯಿತು.
ಜುಬೇದಾಬಿಯ ಹೊಲಿಗೆ ಯಂತ್ರ ಇದ್ದಲ್ಲೇ ಇತ್ತು,
ಹೊಲಿಯುತ್ತಿದ್ದ ಲಂಗ ಮಾತ್ರ
ತದಡಿಯ ದಕ್ಕೆಯಲ್ಲಿ ಸಿಕ್ಕಿತು, ಮುರಿದ ಸೂಜಿಯ ಸಮೇತ.
ಮಾಸ್ತಿಯಜ್ಜ ಸಿಕ್ಕಿದ್ದು ಸಂಜೆ,
ಉರುಳಿದ ತಕ್ಕಡಿ ಕಂಬದ ಅಡಿಗೆ, ಅದನ್ನೇ ತಬ್ಬಿಕೊಂಡು.
ಕೈ ಬಿಡಿಸಲು ಇಬ್ಬರು ಬೇಕಾಯಿತು.

ನಾನು ಬಂದದ್ದು ಐದೂವರೆ ಬಸ್ಸಿಗೆ.
ಮಾದನಗೇರಿ ದಾಟಿದ್ದೇ ಕಂಡಕ್ಟರು
ಚಿಲ್ಲರೆ ಎಣಿಸುವುದು ಬಿಟ್ಟು ಹೊರಗೆ ನೋಡಿದ.
ರಸ್ತೆ ಬೆಳ್ಳಗಿತ್ತು.
ಹತ್ತಿ ಕಚ್ಚಿಕೊಂಡು ಇಳಿದೆ.
ಏನಾಯಿತೆಂದು ಕೇಳಲು ಬಾಯಿ ತಿರುಗಲಿಲ್ಲ,
ಮರಗಟ್ಟಿಸಿದ ಮದ್ದು ಇನ್ನೂ ಇಳಿದಿರಲಿಲ್ಲ.
ಅದನ್ನೇ ಎಲ್ಲರೂ ದುಃಖವೆಂದು ತಿಳಿದು
ಬಾವಿಕಟ್ಟೆಯಲ್ಲಿ ಕೂರಿಸಿ ನೀರು ಕೊಟ್ಟರು.
ಕುಡಿದೆ. ಉಪ್ಪು.
ನಾಳೆಯಿಂದ ಉಪ್ಪುನೀರು ಮುಕ್ಕಳಿಸಿ, ಅಂದಿದ್ದರು ಡಾಕ್ಟರು.
ನಾಳೆ ಇವತ್ತೇ ಬಂದಿತ್ತು.

ನಮ್ಮ ಮನೆಗೆ ಏನೂ ಆಗಲಿಲ್ಲ.
ಹಿತ್ತಿಲ ತಂತಿಯ ಮೇಲಿನ ಟವೆಲ್ಲು ಕೂಡ ಅಲ್ಲೇ ಇತ್ತು,
ಅದನ್ನು ರಾತ್ರಿಯಾದ ಮೇಲೆ, ಯಾರೂ ನೋಡದಾಗ ತೆಗೆದೆ.

ಈಗ ಎಲ್ಲಿ ನಾಲ್ಕು ಜನ ಕೂತರೂ ಅದೇ:
ನೀ ಎಲ್ಲಿದ್ಯೆ ಆಗ?
ಕುಮಟೆಯಲ್ಲಿ, ಅನ್ನುತ್ತೇನೆ.
ಓ, ಅನ್ನುತ್ತಾರೆ,
ಹುಟ್ಟಿದ ಊರಲ್ಲಿ ನೆಂಟಳಾಗುವುದು ಆ ಒಂದು ಅಕ್ಷರದಲ್ಲಿ.
ಆದರೆ ಒಬ್ಬೊಬ್ಬರಾಗಿ ಮತ್ತೆ ಬರುತ್ತಾರೆ.
ಕಂಡವರಿಗೆ ಕಂಡದ್ದನ್ನು ಹೇಳುವುದು ಹೇಗೆ?
ಊರಿನಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.
ಪೊಕ್ಕ ಮೂರು ಸಲ ಹೇಳಿದ, ಬೀಡಿ ಪ್ರತಿಸಲ ಗಿಡ್ಡವಾಗುತ್ತ ಬಂತು.
ಜುಬೇದಾಬಿ ಲಂಗ ತಂದು ತೋರಿಸಿದಳು.

ಮೊನ್ನೆ ಹೊನ್ನಿ ಬಂದಳು.
ಹೊಳೆ ಎದ್ದದ್ದು, ದೋಣಿ, ಎಲ್ಲ ಇನ್ನೊಮ್ಮೆ ಹೇಳಿ
ಜಗಲಿಯಿಂದ ಏಳದೆ ಕೂತಳು. ಬೆರಳಲ್ಲಿ
ಇಲ್ಲದ ಹರಳುಗಳನ್ನು ನೆಲದಿಂದ ಹೆಕ್ಕುತ್ತಿದ್ದಳು.
ಅಜ್ಜ ಕರ‍್ದದ್ದು ಕೇಳಿತ್ತು ನಂಗೆ, ಅಂದಳು.
ಹೆಸರು ಹಿಡ್ದೇ ಕರ‍್ದ.
ನಾ ತಿರುಗ್ಲಿಲ್ಲ.

ನಾನು ಏನೂ ಅನ್ನಲಿಲ್ಲ.
ನಾಲಿಗೆ ತನ್ನಷ್ಟಕ್ಕೆ ಹೋಗಿ
ಖಾಲಿ ಜಾಗವನ್ನು ಮುಟ್ಟಿ ಬಂತು.

ಹೊನ್ನಿ ಎದ್ದು ಸೆರಗು ಕೊಡವಿದಳು.
ಹಲ್ಲು ಕಟ್ಟಿಸ್ಕಂತ್ಯೇನೆ? ಕೇಳಿದಳು.
ಮಳೆಗಾಲ ಮುಗೀಲಿ, ಅಂದೆ.